ಶಮ್ಸುನ್ನಿಸಾಳ ಎಡಗೈ

ಅಫಜಲಪುರದ ನಮ್ಮ ಕಾಲೇಜಿನಲ್ಲಿ ಶಮ್ಸುನ್ನಿಸಾ ಎಂಬ ಕಂಪ್ಯೂಟರ್ ಆಪರೇಟರ್ ಇದ್ದಳು. ಆಕೆಯ ಕೈಗುಣ ದೊಡ್ಡದೆಂದು ಎಲ್ಲರೂ ಹೊಗಳುತ್ತಿದ್ದರು. ಹೊಗಳಿಕೆಯಿಂದಲೂ ಮನುಷ್ಯರನ್ನು ಕಟ್ಟಿಹಾಕಬಹುದು ಎಂಬುದನ್ನು ನಾನು ನೋಡಿದ್ದು ಆಕೆಯ ವಿಷಯದಲ್ಲಿ. ಹಗ್ಗದಿಂದ ಕಟ್ಟಿದರೆ ಬಿಚ್ಚಿ ಎಂದು ಕೇಳಬಹುದು. ಹೊಗಳುವವರ ಮುಂದೆ ನಿಂತು ಏನೆಂದು ಕೇಳುವುದು?

ಇದು ೧೯೯೮ರ ಬೇಸಿಗೆಯ ಮಾತು. ನಾನು ಅಲ್ಲಿ ಭೌತಶಾಸ್ತ್ರ ಕಲಿಸುತ್ತಿದ್ದೆ, ನಿವೃತ್ತಿಗೆ ಹತ್ತಿರವಾಗಿದ್ದೆ. ಪಾಠ ಹೇಳುವ ಹೆಂಗಸೆಂದು ಎಲ್ಲರೂ ನನ್ನನ್ನು ‘ಬಾಯಾರು’ ಎನ್ನುತ್ತಿದ್ದರು. ಶಮ್ಸುನ್ನಿಸಾಳಿಗೆ ಇಪ್ಪತ್ತೇಳೋ ಇಪ್ಪತ್ತೆಂಟೋ ಇರಬೇಕು. ತಂದೆ ಇಸ್ಮಾಯಿಲ ಅಡತಿ ಅಂಗಡಿಯಲ್ಲಿ ಕಾಳು ತೂಗುತ್ತಿದ್ದವನು, ಮಗಳು ಬಿ.ಕಾಂ. ಓದುವಾಗಲೇ ತೀರಿಕೊಂಡಿದ್ದ. ತಾಯಿ ಗೌಸಿಯಾಬೇಗಂ ಮನೆಯಲ್ಲಿ ಬಟ್ಟೆ ಹೊಲಿಯುತ್ತಿದ್ದಳು. ಮಗಳು ಪದವಿ ಮುಗಿಸಿ, ಕಲಬುರ್ಗಿಗೆ ಬಸ್ಸಿನಲ್ಲಿ ಹೋಗಿ ಬಂದು ಕಂಪ್ಯೂಟರ್ ಕಲಿತು, ನಮ್ಮಲ್ಲಿ ಕೆಲಸಕ್ಕೆ ಸೇರಿದಳು. ಮಾತು ಕಡಿಮೆ. ಹೇಳಿದ ಕೆಲಸ ಹೇಳಿದ ಹೊತ್ತಿಗೆ ಮುಗಿಸುವವಳು.

ಆಕೆ ಹುಟ್ಟಾ ಎಡಚಿ. ಚಿಕ್ಕವಳಿದ್ದಾಗ ತಾಯಿ ಆಕೆಯ ಎಡಗೈಯನ್ನು ದುಪಟ್ಟಾದಿಂದ ಸೊಂಟಕ್ಕೆ ಬಿಗಿದು ಊಟಕ್ಕೆ ಕೂರಿಸುತ್ತಿದ್ದಳಂತೆ. ಉಣ್ಣುವುದು, ಬರೆಯುವುದು ಬಲಗೈಗೆ ಬಂತು. ಆದರೆ ಯಾರೂ ನೋಡದಿದ್ದಾಗ ಎಡಗೈಯೇ ಮುಂದೆ ಹೋಗುತ್ತಿತ್ತು. ಆದ್ದರಿಂದ ಯಾವುದೇ ಕೆಲಸ ಶುರುಮಾಡುವ ಮುನ್ನ ಆಕೆ ಬಾಗಿಲಿಗೆ ಬೆನ್ನು ತಿರುಗಿಸಿ ನಿಲ್ಲುವುದನ್ನು ರೂಢಿಸಿಕೊಂಡಿದ್ದಳು. ಇದು ನನಗೆ ಗೊತ್ತಾದದ್ದು ಬಹಳ ತಡವಾಗಿ. ಉಳಿದವರಿಗೆ ಆ ಬೆನ್ನು ಬೇರೆಯೇ ಅರ್ಥ ಕೊಟ್ಟಿತ್ತು.

ಕಂಪ್ಯೂಟರ್ ಎಂದರೆ ಒಂದು ಲ್ಯಾಪ್‌ಟಾಪ್. ತಾಲೂಕಿನಲ್ಲಿ ಆಗ ಅಂಥದು ಇನ್ನೊಂದು ಇದ್ದಂತೆ ನಾನು ಕೇಳಿಲ್ಲ. ಸಂಸ್ಥೆಯ ಅಧ್ಯಕ್ಷರಾದ ದೌಲತರಾಯರು ಅದನ್ನು ಸೊಲ್ಲಾಪುರದ ಒಬ್ಬ ವ್ಯಾಪಾರಿಯಿಂದ ಕೊಂಡು ತಂದಿದ್ದರು. ಅತನೂರಿನ ಜಮೀನುದಾರರು, ಹಠದ ಮನುಷ್ಯ. ಹೆಣ್ಣುಮಕ್ಕಳನ್ನು ಕಾಲೇಜಿಗೆ ಕಳಿಸಿ ಎಂದು ಹಳ್ಳಿ ಹಳ್ಳಿ ತಿರುಗಿದವರೂ ಅವರೇ. ಕರೆಂಟು ಹೋದರೂ ನಡೆಯುತ್ತದೆ ಎಂಬ ಕಾರಣಕ್ಕೆ ಲ್ಯಾಪ್‌ಟಾಪ್ ತಂದರು. ಒಳಗಿನ ಸಾಮಾನನ್ನು ಯಾರಾದರೂ ಕಳಚಿಕೊಂಡಾರು ಎಂದು ಅದರ ಅಡಿಯಲ್ಲಿದ್ದ ಚಿಕ್ಕ ಮುಚ್ಚಳದ ತಿರುಪಿನ ಮೇಲೆ ಅರಗು ಕರಗಿಸಿ ಸಂಸ್ಥೆಯ ಮುದ್ರೆ ಒತ್ತಿಸಿದರು. ಹಳೆಯ ಕಾಲದ ಖಜಾನೆಗೆ ಹೀಗೆಯೇ ಮಾಡುತ್ತಿದ್ದರು.

ಮೊದಲ ವರ್ಷ ಯಂತ್ರ ಚೆನ್ನಾಗಿ ನಡೆಯಿತು. ಆಮೇಲೆ ಒಂದು ದಿನ ದೌಲತರಾಯರು ಅದನ್ನು ಮನೆಯವರಿಗೆ ತೋರಿಸಲೆಂದು ಜೀಪಿನಲ್ಲಿ ಅತನೂರಿಗೆ ಒಯ್ದರು. ದಾರಿ ಎಂಥದೆಂದರೆ, ಬಾಣಂತಿಯರನ್ನು ಆ ದಾರಿಯಲ್ಲಿ ಕರೆತರಲು ಜನ ಹೆದರುತ್ತಿದ್ದರು. ಅವರ ಹೆಂಡತಿ ಸುಭದ್ರಾಬಾಯಿ ಆರತಿ ಮಾಡಿ, ವಿಭೂತಿ ಹಚ್ಚಿ, ಯಂತ್ರವನ್ನು ಕಳಿಸಿಕೊಟ್ಟರು.

ಅಲ್ಲಿಂದ ಬಂದ ಮೇಲೆ ತೊಂದರೆ ಶುರುವಾಯಿತು. ಗುಂಡಿ ಒತ್ತಿದರೆ ಹಸಿರು ದೀಪ ಹತ್ತುತ್ತಿತ್ತು. ಒಳಗಿನ ಫ್ಯಾನು ಗುಂಯ್ ಎನ್ನುತ್ತಿತ್ತು. ಪರದೆ ಮಾತ್ರ ಕಪ್ಪಾಗಿಯೇ ಉಳಿಯುತ್ತಿತ್ತು. ಸರಿಯಾಗಿ ಶುರುವಾಗುವಾಗ ಬರುವ ‘ಟಿಣ್’ ಸದ್ದು ಬರುತ್ತಿರಲಿಲ್ಲ. ಪ್ರಾಂಶುಪಾಲರು ಒತ್ತಿದರು, ಏಳಲಿಲ್ಲ. ಗುಮಾಸ್ತ ಹಣಮಂತರಾಯ ಕೈ ತೊಳೆದುಕೊಂಡು ಬಂದು ಒತ್ತಿದ, ಏಳಲಿಲ್ಲ. ದೌಲತರಾಯರೇ ಒತ್ತಿದರೂ ಏಳಲಿಲ್ಲ. ಎಲ್ಲರೂ ಒಂದೇ ಬಗೆಯಲ್ಲಿ ಒತ್ತುತ್ತಿದ್ದರು. ಮೇಜಿನಿಂದ ಒಂದು ತೋಳು ದೂರ ನಿಂತು, ಎಡಗೈಯನ್ನು ಬಲ ಮೊಳಕೈಗೆ ಮುಟ್ಟಿಸಿಕೊಂಡು, ಬಲಗೈಯ ತೋರುಬೆರಳಿನಿಂದ. ಹಿರಿಯರಿಗೆ ವೀಳ್ಯ ಕೊಡುವಾಗ ಕೈ ಚಾಚುವುದು ಹಾಗೆ. ಶುಭವಾಗಬೇಕಾದ ಕೆಲಸಕ್ಕೆ ನಮ್ಮಲ್ಲಿ ಹಾಗೆಯೇ ಕೈ ಹಚ್ಚುತ್ತಾರೆ.

ಆಮೇಲೆ ಶಮ್ಸುನ್ನಿಸಾ ಬರುತ್ತಿದ್ದಳು. ಬಾಗಿಲಿಗೆ ಬೆನ್ನು ಮಾಡಿ ಯಂತ್ರದ ಮೇಲೆ ಬಾಗುತ್ತಿದ್ದಳು. ‘ಟಿಣ್’ ಎನ್ನುತ್ತಿತ್ತು. ಒಮ್ಮೆ ಎದ್ದರೆ ಸಂಜೆಯವರೆಗೆ ತಕರಾರಿಲ್ಲ.

“ಏನೋ ಓದಿ ಊದತಾಳ್ರಿ,” ಎಂದ ಹಣಮಂತರಾಯ ನನ್ನೆದುರು. “ನಮಗ ಬೆನ್ನ ಮಾಡಿ ನಿಂತು ಓದತಾಳ. ಅವರ ಮಂತ್ರ ನಮಗ ಕೇಳಬಾರದಂತ.”

“ನೀ ಕೇಳೀಯೇನು?”

“ಕೇಳಿದ್ರ ಹೇಳ್ತಾರೇನ್ರಿ ಬಾಯಾರ? ಅದು ಅವರವರ ಕೈಗುಣ.”

ಮಾತು ಕಾಲೇಜಿನಿಂದ ಓಣಿಗೆ ಇಳಿಯಿತು. ಹೊಸ ಹೊಲಿಗೆ ಯಂತ್ರ ತಂದವರು ಮೊದಲ ಹೊಲಿಗೆ ಹಾಕಲು ಶಮ್ಸುನ್ನಿಸಾಳನ್ನು ಕರೆದರು. ನೆರೆಯ ಸಕ್ಕುಬಾಯಿ ಜೋಳ ತುಂಬಿಡುವ ನೆಲದೊಳಗಿನ ಹಗೇವಿಗೆ ಮೊದಲ ಬೊಗಸೆ ಹಾಕಿಸಿಕೊಂಡಳು. ಎಲ್ಲ ಕಡೆಯೂ ಆಕೆ ಬಲಗೈಯನ್ನೇ ಕೊಟ್ಟಳು, ಎಡಗೈಯನ್ನು ದುಪಟ್ಟಾದ ಒಳಗೆ ಇಟ್ಟುಕೊಂಡಳು. ಮನೆಯಲ್ಲಿ ಗೌಸಿಯಾಬೇಗಂ ಮಗಳ ಬಲಗೈ ಹಿಡಿದು ಕಣ್ಣಿಗೆ ಒತ್ತಿಕೊಳ್ಳತೊಡಗಿದಳು.

ಏಪ್ರಿಲಿನಲ್ಲಿ ಕಲಬುರ್ಗಿಯ ಒಂದು ಸರಕಾರಿ ಕಚೇರಿಯಿಂದ ಶಮ್ಸುನ್ನಿಸಾಳಿಗೆ ನೇಮಕದ ಆದೇಶ ಬಂತು. ಜೂನ್ ಮುಗಿಯುವುದರೊಳಗೆ ಮೂಲ ಅಂಕಪಟ್ಟಿ, ಪದವಿಪತ್ರಗಳೊಡನೆ ಹಾಜರಾಗಬೇಕು. ಆ ಮೂಲಪತ್ರಗಳು ಆಕೆಯ ಬಳಿ ಇರಲಿಲ್ಲ. ನಮ್ಮ ಕಡೆಯ ಖಾಸಗಿ ಸಂಸ್ಥೆಗಳಲ್ಲಿ ಕೆಲಸಕ್ಕೆ ಸೇರುವಾಗ ಅಸಲು ಕಾಗದಗಳನ್ನು ಇಟ್ಟುಕೊಳ್ಳುವುದು ಪದ್ಧತಿ. ನಡುವರ್ಷದಲ್ಲಿ ಬಿಟ್ಟು ಓಡಬಾರದು ಎಂದು. ಶಮ್ಸುನ್ನಿಸಾಳ ಓದೆಲ್ಲ ದೌಲತರಾಯರ ಕೋಣೆಯ ಕಬ್ಬಿಣದ ಅಲಮಾರಿಯಲ್ಲಿ ಕೂತಿತ್ತು. ಕೀಲಿ ಅವರ ಜನಿವಾರದಂತೆ ಎಂದು ಹಣಮಂತರಾಯ ನಗಾಡಿದಾಗ, ಲಿಂಗಾಯತರಿಗೆ ಜನಿವಾರ ಎಲ್ಲಿಯದೋ ಎಂದು ನಾನು ಕೇಳಿದ್ದೆ. “ಅದಕ್ಕ ಕೀಲಿ ಹಾಕ್ಯಾರ್ರಿ,” ಎಂದಿದ್ದ. ಕೀಲಿ ಅವರ ಕೊರಳಲ್ಲೇ ಇರುತ್ತಿತ್ತು.

ಆಕೆ ಕೇಳಲು ಹೋದಾಗ ನಾನು ಪ್ರಯೋಗಾಲಯದ ಸಾಮಾನಿನ ಬಗ್ಗೆ ಮಾತಾಡಲು ಅದೇ ಕೋಣೆಯಲ್ಲಿ ಕೂತಿದ್ದೆ.

“ಸಾಹುಕಾರ್ರ, ಕಲಬುರ್ಗ್ಯಾಗ ನೌಕರಿ ಸಿಕ್ಕದ್ರಿ. ನನ್ನ ಅಸಲು ಕಾಗದ ಬೇಕಾಗ್ಯಾವ್ರಿ.”

“ಸರಕಾರಿ ಏನು?”

“ಹೌದ್ರಿ.”

“ಭಾಳ ಚಲೋ ಆತು. ನಿಮ್ಮಪ್ಪ ಇದ್ದಿದ್ರ ಕುಣೀತಿದ್ದ.” ಅವರು ಅಡಕೊತ್ತಿನಲ್ಲಿ ಅಡಿಕೆ ಕತ್ತರಿಸಿ ಬಾಯಿಗೆ ಹಾಕಿಕೊಂಡರು. “ಆದ್ರ ನೀ ಹೋದ್ರ ಇದನ್ನ ಯಾರು ಎಬ್ಬಸೋರು? ಇದು ಯಂತ್ರ ಅಲ್ಲ ತಂಗೀ, ಎಮ್ಮಿ ಇದ್ದಂಗ. ಒಬ್ಬರ ಕೈಗಷ್ಟೇ ಹಾಲು ಕೊಡ್ತದ.”

“ಹಗ್ಗ ಎಮ್ಮಿಗೆ ಹಾಕ್ತಾರ್ರಿ. ಹಿಂಡೋರಿಗೂ ಹಾಕ್ತಾರೇನ್ರಿ?”

ದೌಲತರಾಯರು ದೊಡ್ಡದಾಗಿ ನಕ್ಕರು. “ನೋಡ್ರಿ ಬಾಯಾರ, ಮಾತ ಬರ್ತಾವ ಈಕಿಗೆ! ಆಗಲಿ. ಬ್ಯಾರೆ ಯಾರದರ ಕೈಯಾಗ ಏಳಲಿ, ಅವತ್ತೇ ನಿನ್ನ ಕಾಗದ ನಿನ್ನ ಕೈಯಾಗ ಇಡ್ತೇನಿ. ಬಾಯಾರು ಸಾಕ್ಷಿ. ಅಲ್ಲೀತನ ನೀ ಹೋಗಂಗಿಲ್ಲ.”

ಆಕೆ ಹೊರಗೆ ಹೋದಳು. ಮರುದಿನದಿಂದ ಎಲ್ಲರನ್ನೂ ಕರೆದು ಗುಂಡಿ ಒತ್ತಿಸಿದಳು. ಜವಾನ ಮಲ್ಲಣ್ಣ ಒತ್ತಿದ. ಕಸ ಗುಡಿಸುವ ಮರೆಮ್ಮ ಎಷ್ಟು ಕರೆದರೂ ಮೊದಲು ಒಲ್ಲೆನೆಂದು, ಆಮೇಲೆ ಸೆರಗಿಗೆ ಬೆರಳು ಒರೆಸಿ ಒತ್ತಿದಳು. ಯಾರೋ ಗಾಣಗಾಪುರದ ದತ್ತನ ಪ್ರಸಾದ ತಂದು ಯಂತ್ರದ ಪಕ್ಕದಲ್ಲಿಟ್ಟು ಒತ್ತಿದರು. ಪರದೆ ಕಪ್ಪಾಗಿಯೇ ಇತ್ತು. ಪ್ರತಿ ಸಲವೂ ಕಡೆಗೆ ಆಕೆಯೇ ಬಾಗಿ ಎಬ್ಬಿಸಬೇಕಾಗುತ್ತಿತ್ತು. ಪ್ರತಿ ಸಲವೂ ಅಲಮಾರಿಯ ಬೀಗ ಇನ್ನಷ್ಟು ಬಿಗಿಯಾಗುತ್ತಿತ್ತು.

ಮೇ ತಿಂಗಳು ಬಂತು. ಕಾಲೇಜಿಗೆ ರಜೆ. ಕಚೇರಿ ಮಾತ್ರ ನಡೆಯುತ್ತಿತ್ತು. ನಾನು ಪ್ರಯೋಗಾಲಯದ ಉಪಕರಣ ಒರೆಸಿಡಲು ಹೋಗುತ್ತಿದ್ದೆ. ಒಂದು ಬೆಳಿಗ್ಗೆ ಶಮ್ಸುನ್ನಿಸಾ ಪ್ರಯೋಗಾಲಯದ ಬಾಗಿಲಲ್ಲಿ ಬಂದು ನಿಂತಳು. ಎಡ ಅಂಗೈಗೆ ಬಟ್ಟೆ ಸುತ್ತಿತ್ತು.

“ಬಾಯಾರ, ನನ್ನ ಕೈಗುಣ ಹೋತ್ರಿ,” ಎಂದಳು. ಆಕೆ ನಕ್ಕಿದ್ದನ್ನು ನಾನು ಅದೇ ಮೊದಲು ನೋಡಿದ್ದು.

“ಕೈಗೆ ಏನಾತು?”

“ರೊಟ್ಟಿ ಹಂಚು ಹತ್ತಿತ್ರಿ. ಇವತ್ತ ಬಲಗೈಲೆ ಚಾಲೂ ಮಾಡಿದೆ. ಏಳವಲ್ದು. ನಾ ಮುಟ್ಟಿದ್ರೂ ಏಳವಲ್ದು.”

“ಇವತ್ತ ಬಲಗೈ ಅಂದ್ರ, ದಿನಾ ಯಾವ ಕೈ?”

ಆಕೆಯ ನಗು ಹೋಯಿತು. ಬಾಗಿಲಿನತ್ತ ನೋಡಿ, ಯಾರೂ ಇಲ್ಲವೆಂದು ಖಾತ್ರಿ ಮಾಡಿಕೊಂಡು, ದುಪಟ್ಟಾದ ಕಥೆಯಿಂದ ಶುರುಮಾಡಿ ಎಲ್ಲ ಹೇಳಿದಳು. ಕಳ್ಳತನವನ್ನು ಒಪ್ಪಿಕೊಳ್ಳುವವರು ಸಹ ಅಷ್ಟು ಅಂಜುವುದಿಲ್ಲ. ನನಗೆ ಅದರಲ್ಲಿ ಆಸಕ್ತಿ ಇದ್ದದ್ದು ಒಂದೇ ಅಂಶಕ್ಕೆ. ಕೈಗುಣ ಎಂಬುದು ಇದ್ದರೆ ಅದು ಮನುಷ್ಯರಿಗೆ ಇರಬೇಕು, ಎಡಗೈಗೆ ಮಾತ್ರ ಅಲ್ಲ. ಒಬ್ಬಳದೇ ಒಂದು ಕೈಗೆ ಏಳುವ ಯಂತ್ರ ಇನ್ನೊಂದು ಕೈಗೆ ಏಳದಿದ್ದರೆ, ನೋಡಬೇಕಾದದ್ದು ಯಾರ ಕೈ ಎಂದಲ್ಲ, ಆ ಕೈ ಏನು ಮಾಡುತ್ತದೆ ಎಂದು.

ನಾವು ಕಂಪ್ಯೂಟರ್ ಕೋಣೆಯ ಬಾಗಿಲು ಮುಂದೆಳೆದುಕೊಂಡು ಕೂತೆವು. ಯಂತ್ರಗಳ ಒಳಗು ಆಕೆಗೆ ಗೊತ್ತಿತ್ತು. ಒಂದು ಸಲಕ್ಕೆ ಒಂದನ್ನೇ ಬದಲಿಸಬೇಕು ಎಂಬ ಶಿಸ್ತು ನನ್ನದು. ಮೊದಲು ಕರೆಂಟಿನ ಅನುಮಾನ. ಗೋಡೆಯ ವೈರು ಕಿತ್ತು ಬರೀ ಬ್ಯಾಟರಿಯ ಮೇಲೆ ನೋಡಿದೆವು, ಪರದೆ ಕಪ್ಪು. ಬ್ಯಾಟರಿ ಹೊರಗೆ ತೆಗೆದು ಬರೀ ವೈರಿನ ಮೇಲೆ ನೋಡಿದೆವು, ಆಗಲೂ ಕಪ್ಪು. ಎರಡು ಸಲವೂ ದೀಪ ಹತ್ತಿತು, ಫ್ಯಾನು ತಿರುಗಿತು. ಅಂದರೆ ಕರೆಂಟು ಒಳಗೆ ಹೋಗುತ್ತಿದೆ. ಆಮೇಲೆ ಪ್ರೋಗ್ರಾಮಿನ ಅನುಮಾನ. ಚೆನ್ನಾಗಿದ್ದ ಒಂದು ಫ್ಲಾಪಿ ಹಾಕಿ ಶುರುಮಾಡಿದೆವು. ಫ್ಲಾಪಿಯ ಚಿಕ್ಕ ದೀಪ ಹತ್ತಲೇ ಇಲ್ಲ.

“ಪ್ರೋಗ್ರಾಮ್ ಓದೂತನಕ ಹೋಗವಲ್ದ್ರಿ ಇದು,” ಎಂದಳು. “ಅದಕ್ಕಿಂತ ಮೊದಲೇ ನಿಂತ ಬಿಡ್ತದ. ತಪ್ಪು ಒಳಗಿನ ಸಾಮಾನಿಂದ್ರಿ.”

“ಎಲ್ಲಿ?”

ಅದಕ್ಕೆ ಉತ್ತರ ಆಕೆಯ ಕೈಯಲ್ಲೇ ಇತ್ತು. ಗುಂಡಿ ಇದ್ದದ್ದು ಕೀಲಿಮಣೆಯ ಎಡ ಮೇಲ್ಮೂಲೆಯಲ್ಲಿ. ಆಕೆ ದಿನವೂ ನಿಲ್ಲುವಂತೆ ನಿಂತು, ಸುಟ್ಟ ಎಡಗೈಯನ್ನು ಮೆಲ್ಲಗೆ ಇಟ್ಟಳು. ಬೆರಳು ಗುಂಡಿಯ ಮೇಲೆ ಹೋಗುವಾಗ ಅಂಗೈಯ ಬುಡ ಕೀಲಿಮಣೆಯ ಎಡ ಅಂಚಿನ ಮೇಲೆ ಊರಿತು. ಮೈಭಾರವೆಲ್ಲ ಅಲ್ಲಿ ಬಿತ್ತು. ‘ಟಿಣ್’ ಎಂದಿತು. ಆರಿಸಿದೆವು. ಈಗ ನಾನು ನನ್ನ ಎಡ ಅಂಗೈಯನ್ನು ಅದೇ ಜಾಗದಲ್ಲಿ ಒತ್ತಿಹಿಡಿದು, ಬಲಗೈಯಿಂದ ಗುಂಡಿ ಒತ್ತಿದೆ. ‘ಟಿಣ್’ ಎಂದಿತು. ನನಗೆ ಯಾವ ಕೈಗುಣವೂ ಇಲ್ಲವೆಂದು ನನ್ನ ವಿದ್ಯಾರ್ಥಿನಿಯರು ಪ್ರಮಾಣ ಮಾಡಿ ಹೇಳುತ್ತಿದ್ದರು.

ಆ ಜಾಗದ ಸರಿಯಾಗಿ ಕೆಳಗೆ, ಅಡಿಯಲ್ಲಿ, ಮುದ್ರೆ ಹಾಕಿದ ಮುಚ್ಚಳವಿತ್ತು.

“ಇದರೊಳಗ ನೆನಪಿನ ಪಟ್ಟಿ ಇರ್ತದ್ರಿ, ಅದಕ್ಕ ಮೆಮೊರಿ ಅಂತಾರ,” ಎಂದಳು. “ಸಡಲ ಆಗ್ಯದ. ಮ್ಯಾಲಿಂದ ಭಾರ ಬಿದ್ರ ಕೂಡ್ತದ, ಇಲ್ಲಾಂದ್ರ ಇಲ್ಲ.”

ಒಮ್ಮೆ ನಡೆಯತೊಡಗಿದರೆ ಒಳಗೆ ಬಿಸಿಯಾಗಿ, ಲೋಹ ಹಿಗ್ಗಿ, ಸಂಜೆಯವರೆಗೆ ಹಿಡಿದುಕೊಳ್ಳುತ್ತಿತ್ತೆಂದು ನನ್ನ ಊಹೆ. ಅತನೂರಿನ ದಾರಿಯ ಜೀಪಿನ ಕುಲುಕಾಟ ನಮ್ಮಿಬ್ಬರಿಗೂ ಒಟ್ಟಿಗೇ ನೆನಪಾಯಿತು. ಇಬ್ಬರೂ ಬಾಯಿಬಿಟ್ಟು ಹೇಳಲಿಲ್ಲ.

“ಇನ್ನೇನು? ಹೋಗಿ ತೋರಸು,” ಎಂದೆ.

“ಕೆಟ್ಟದ ಅಂದ್ರ, ಯಾರ ಕೈಯಾಗ ಕೆಟ್ಟದ ಅಂತಾರ್ರಿ ಬಾಯಾರ. ಮುಟ್ಟೋಳು ನಾ ಒಬ್ಬಾಕಿ.”

ಆಕೆ ಹೇಳಿದ್ದು ಸರಿಯಿತ್ತು. ಯಂತ್ರ ನೆಟ್ಟಗಿದ್ದರೆ ಕೈಗುಣಕ್ಕಾಗಿ ಆಕೆ ಇರಬೇಕು. ಯಂತ್ರ ಕೆಟ್ಟಿದ್ದರೆ ಕೆಡಿಸಿದ್ದಕ್ಕಾಗಿ ಇರಬೇಕು. ಯಾವ ಬಾಗಿಲು ತೆರೆದರೂ ಅದೇ ಕೋಣೆ. ಆದರೂ ದಿನಗಳು ಹೋಗುತ್ತಿದ್ದವು, ತೋರಿಸುವುದು ಬಿಟ್ಟು ಬೇರೆ ದಾರಿ ಆಗ ಆಕೆಗೂ ಕಾಣಲಿಲ್ಲ.

ಮರುದಿನ ದೌಲತರಾಯರ ಎದುರು ಮೇಜಿನ ಮೇಲೆ ಯಂತ್ರ ಇಟ್ಟೆವು. ಶಮ್ಸುನ್ನಿಸಾ ಹಣಮಂತರಾಯನನ್ನು ಕರೆದಳು.

“ಕಾಕಾ, ನಿಮ್ಮ ಎಡಗೈ ಇಲ್ಲಿ ಇಡ್ರಿ. ಗಟ್ಟಿ ಒತ್ತಿ ಹಿಡೀರಿ.”

“ಎಡಗೈ? ಮುಂಜಾನೆ ಮುಂಜಾನೆ?”

“ಇಡ್ರಿ ಕಾಕಾ. ನಿಮಗ ಪಾಪ ಹತ್ತಂಗಿಲ್ಲ, ನನಗ ಹತ್ತಲಿ.”

ಆತ ಇಟ್ಟ. ಬಲಗೈಯಿಂದ ಗುಂಡಿ ಒತ್ತಿದ. ಯಂತ್ರ ಎದ್ದಿತು. ಹಣಮಂತರಾಯ ಬಿಸಿ ತಾಕಿದವನಂತೆ ಎರಡೂ ಕೈ ಹಿಂದೆಳೆದುಕೊಂಡ. ಆಕೆ ಏನು ಕೆಟ್ಟಿದೆ, ಯಾಕೆ ಹೀಗಾಗುತ್ತದೆ ಎಂದು ಬಿಡಿಸಿ ಹೇಳಿದಳು. ದೌಲತರಾಯರು ಪೂರ್ತಿ ಕೇಳಿದರು. ಮನುಷ್ಯ ದಡ್ಡರಲ್ಲ. ತಿಳಿಯಿತು. ತಿಳಿದದ್ದೇ ತೊಂದರೆಯಾಯಿತು.

“ಅಂದ್ರ ನೀ ದಿನಾ ಎಡಗೈಲೆ ಶುರು ಮಾಡ್ತಿದ್ದೇನ್ ಬೇ?”

ಆಕೆ ಎಡಗೈಯನ್ನು ದುಪಟ್ಟಾದ ಒಳಗೆ ಎಳೆದುಕೊಂಡಳು.

“ಮಂದಿ ಈಕಿನ್ನ ಕರದು ಕಾಳ ಹಾಕಸಾಕತ್ತಾರ! ಅಂದ್ರ ಯಂತ್ರ ಕೆಟ್ಟದ. ದಿನಾ ಎಡಗೈಲೆ ಒತ್ತಿ ಒತ್ತಿ ನೀನೇ ಕೆಡಿಸೀದಿ.”

“ಒತ್ತಿದ್ದಕ್ಕ ಕೆಟ್ಟಿಲ್ರಿ. ಕೆಟ್ಟ ಮ್ಯಾಲ ಒತ್ತಿದ್ದಕ್ಕ ನಡದದ್ರಿ.”

“ಮತ್ತ ಹ್ಯಾಂಗ ಕೆಟ್ತು?”

ಜೀಪಿನ ಮಾತು ನನ್ನ ತುದಿ ನಾಲಿಗೆಗೆ ಬಂದಿತ್ತು. ಶಮ್ಸುನ್ನಿಸಾ ನನ್ನತ್ತ ತಿರುಗಿ, “ಬಾಯಾರ, ನಿಮಗ ಕ್ಲಾಸಿಗೆ ಹೊತ್ತಾತ್ರಿ,” ಎಂದಳು. ರಜೆಯಲ್ಲಿ ಕ್ಲಾಸು ಎಲ್ಲಿಯದು! ಬಾಯಿ ಮುಚ್ಚಿಕೊಳ್ಳಿ ಎಂದು ಇದಕ್ಕಿಂತ ಮರ್ಯಾದೆಯಾಗಿ ನನಗೆ ಯಾರೂ ಹೇಳಿಲ್ಲ. ನೀವೇ ಕೆಡಿಸಿದಿರಿ ಎಂದು ಅವರಿಗೆ ಹೇಳಿದರೆ, ಅದು ನಿಜವಾಗಿದ್ದಷ್ಟೂ ಆ ಬೀಗ ತೆರೆಯುವುದಿಲ್ಲ ಎಂಬುದು ಆಕೆಗೆ ನನಗಿಂತ ಮೊದಲು ಹೊಳೆದಿತ್ತು.

“ಬ್ಯಾರೆಯವರ ಕೈಯಾಗ ಎದ್ದದ್ರಿ ಸಾಹುಕಾರ್ರ,” ಎಂದಳು, “ಮಾತು ಕೊಟ್ಟಿದ್ರಿ.”

“ಕುತ್ತಿಗಿ ಒತ್ತಿ ಎಬ್ಬಸೂದು ಏಳೂದಲ್ಲ. ಸೊಲ್ಲಾಪುರಕ್ಕ ಕಳಸ್ತೇನಿ. ತೊಗರಿ ಲಾರಿ ಹೋಗುವಾಗ ಕೊಟ್ಟು ಕಳಸ್ತೇನಿ. ರಿಪೇರಿ ಆಗಿ ಬರಲಿ, ಆಮ್ಯಾಲ ನೋಡೂನು.”

ಹೊಲಕ್ಕೆ ಇನ್ನೂ ತೊಗರಿ ಬಿತ್ತಿರಲಿಲ್ಲ. ಮಳೆಯೇ ಬಂದಿರಲಿಲ್ಲ. ತೊಗರಿ ಲಾರಿ ಸೊಲ್ಲಾಪುರಕ್ಕೆ ಹೋಗುವುದು ಸಂಕ್ರಾಂತಿಯ ಹೊತ್ತಿಗೆ.

ಎಡಗೈಯ ಸುದ್ದಿ ಊರಲ್ಲಿ ಹರಡಲು ಹೊತ್ತು ಬೇಕಾಗಲಿಲ್ಲ. ಹೊಲಿಗೆ ಯಂತ್ರದವರು ದಾರ ಕಡಿಯುವುದಕ್ಕೆ ಕಾರಣ ಕಂಡುಕೊಂಡರು. ಸಕ್ಕುಬಾಯಿಯ ಹಗೇವಿನ ಜೋಳಕ್ಕೆ ಹುಳ ಬಿದ್ದಿತ್ತು, ಅದು ಪ್ರತಿ ವರ್ಷ ಬೀಳುವ ಹುಳ, ಆ ವರ್ಷ ಶಮ್ಸುನ್ನಿಸಾಳಿಂದ ಬಿತ್ತು. “ಕೊಟ್ಟಿದ್ದು ಬಲಗೈ ಅಂತ ನಾವು ತಿಳಕೊಂಡ್ವಿ,” ಎಂದು ಸಕ್ಕುಬಾಯಿ ಬಾವಿಕಟ್ಟೆಯಲ್ಲಿ ಹೇಳಿದ್ದನ್ನು ನಾನೇ ಕೇಳಿದೆ. ಕೊಟ್ಟದ್ದು ಬಲಗೈಯೇ ಎಂದು ನಾನು ಹೇಳಿದೆ. “ನೀವು ಓದಿದೋರು, ಹಾಂಗ ಅಂತೀರಿ,” ಎಂದು ಕೊಡ ಎತ್ತಿಕೊಂಡು ಹೋದಳು.

ಗೌಸಿಯಾಬೇಗಂ ಮಗಳೊಡನೆ ಜಗಳವಾಡಲಿಲ್ಲ. ಅದಕ್ಕಿಂತ ಕೆಟ್ಟದಾಗಿ, ಎದುರು ಕೂತು ಆಕೆ ಉಣ್ಣುವ ಕೈಯನ್ನು ನೋಡತೊಡಗಿದಳು. ಒಂದು ದಿನ ಮಾತ್ರ ನನ್ನ ಮುಂದೆಯೇ ಹೇಳಿದಳು: “ಬೇಟೀ, ಅಲ್ಲಾ ನಿನ್ನ ಕೈಯಾಗ ಬರಕತ್ ಇಟ್ಟಾನ ಅಂತ ನಾ ಮೊಹಲ್ಲಾಕ್ಕೆಲ್ಲ ಹೇಳಿದ್ನೆವ್ವಾ. ಈಗ ಹ್ಯಾಂಗ ಹೊರಗ ಹೋಗ್ಲಿ?”

“ನೀ ಹೊರಗ ಹೋಗಬ್ಯಾಡ ಅಮ್ಮೀ. ನಾ ಹೋಗಬೇಕಾಗ್ಯದ.”

ಕಾಲೇಜಿನಲ್ಲಿ ಆಕೆ ಈಗ ಬೆನ್ನು ತಿರುಗಿಸುತ್ತಿರಲಿಲ್ಲ. ಎಲ್ಲರೆದುರಿಗೇ ಎಡಗೈ ಊರಿ ಯಂತ್ರ ಎಬ್ಬಿಸುತ್ತಿದ್ದಳು. ನೋಡಲಾರದೆ ಉಳಿದವರೇ ಬೆನ್ನು ತಿರುಗಿಸುತ್ತಿದ್ದರು. ಎರಡು ಹನಿ ಮುಂಗಾರು ಬಿದ್ದು ಹೋಯಿತು. ಜೂನ್ ಅರ್ಧ ಕಳೆಯಿತು.

ಒಂದು ಭಾನುವಾರ ಆಕೆ ನನ್ನ ಮನೆಗೆ ಬಂದಳು. ಕೂರು ಎಂದರೂ ಕೂರಲಿಲ್ಲ.

“ಬಾಯಾರ, ನಾಳಿ ನಾ ಸಾಹುಕಾರ್ರ ಮುಂದ ಸುಳ್ಳ ಹೇಳ್ತೇನಿ. ನೀವು ಅಲ್ಲಿ ಇರಬೇಕ್ರಿ, ಸಾಕ್ಷಿ ನೀವೇ ಇದ್ರಿ.”

“ನನ್ನ ಕಡಿಂದ ಸುಳ್ಳ ಹೇಳಸಬ್ಯಾಡ.”

“ಹೇಳಸಂಗಿಲ್ರಿ. ಕೇಳಿದ್ರ ಖರೇನ ಹೇಳ್ರಿ. ಖರೆ, ಆದ್ರ ಸ್ವಲ್ಪ ಹೇಳ್ರಿ.”

ಸೋಮವಾರ ದೌಲತರಾಯರು ಹಣೆತುಂಬ ವಿಭೂತಿ ಧರಿಸಿ, ಉಪವಾಸದಲ್ಲಿ, ಪ್ರಸನ್ನರಾಗಿ ಬಂದಿದ್ದರು. ಹಣಮಂತರಾಯನೂ ಕೋಣೆಯಲ್ಲಿದ್ದ. ಶಮ್ಸುನ್ನಿಸಾ ಯಂತ್ರವನ್ನು ಅವರ ಮುಂದೆ ಮಗುಚಿ ಇಟ್ಟಳು. ಅರಗಿನ ಮುದ್ರೆ ಮೇಲಕ್ಕೆ ಕಾಣುತ್ತಿತ್ತು.

“ಸಾಹುಕಾರ್ರ, ಅವತ್ತ ನಾ ಹೇಳಿದ್ದು ತಪ್ಪ್ರಿ. ಯಂತ್ರ ಕೆಟ್ಟಿಲ್ಲ.”

“ಹಾಂ?”

“ಮುದ್ರಿ ನೀವೇ ಹಾಕಸೀರಿ. ಹಾಕಿದಾಗಿಂದ ತೆಗದಿಲ್ಲ. ಒಳಗ ಧೂಳ ಕುಂತದ. ನಿಮ್ಮ ಕೈಲೆ ಮುದ್ರಿ ತೆಗೀರಿ, ನಾ ಧೂಳ ಒರಸ್ತೇನಿ, ಆಮ್ಯಾಲ ನೀವೇ ಚಾಲೂ ಮಾಡ್ರಿ. ಬಲಗೈಲೆ. ಇದು ಮಾಲಕರ ಕೈ ಕೇಳಾಕತ್ತದ್ರಿ, ನನ್ನ ಕೈ ಅಲ್ಲ.”

ತಾನೇ ಕಂಡುಹಿಡಿದ ಸತ್ಯವನ್ನು ಆಕೆ ಬಟ್ಟೆ ಮಡಚಿದಂತೆ ಮಡಚಿ ಬದಿಗಿಟ್ಟಳು. ಮುಖದಲ್ಲಿ ಏನೂ ಇರಲಿಲ್ಲ.

ದೌಲತರಾಯರು ನನ್ನನ್ನು ಕೇಳಿದರು: “ಏನ್ರಿ ಬಾಯಾರ, ಆಗಬಹುದೇನು?”

“ಒಳಗ ಒರಸಿದ್ರ ಸರಿಹೋಗಬಹುದ್ರಿ,” ಎಂದೆ. ಅದು ಖರೆ. ಸ್ವಲ್ಪ.

ಅವರು ಜೇಬಿನಿಂದ ಅಡಕೊತ್ತು ತೆಗೆದು ಅದರ ತುದಿಯಿಂದ ಅರಗನ್ನು ಒಡೆದರು. ಶಮ್ಸುನ್ನಿಸಾ ತಾಯಿಯ ಹೊಲಿಗೆ ಯಂತ್ರದ ಚಿಕ್ಕ ತಿರುಪುಳಿ ತಂದಿದ್ದಳು. ಮುಚ್ಚಳ ತೆಗೆದಾಗ ನಮ್ಮೂರಿನ ಕರಿ ಮಣ್ಣಿನ ಧೂಳು ಅಲ್ಲಿಯೂ ಇತ್ತು. ಬೆರಳುದ್ದದ ಹಸಿರು ಪಟ್ಟಿ ಒಂದು ಕಡೆ ಎದ್ದು ನಿಂತಿತ್ತು. ಅದನ್ನು ಹೊರಗೆ ತೆಗೆದು, ಅದರ ಅಂಚಿನ ಹಳದಿ ಲೋಹದ ಹಲ್ಲುಗಳನ್ನು ತೋರಿಸಿದಳು. ಕಪ್ಪಾಗಿದ್ದವು. ಪೆನ್ಸಿಲ್ ಅಳಿಸುವ ರಬ್ಬರಿನಿಂದ ಮೆಲ್ಲಗೆ ಉಜ್ಜಿದಳು. ಉಜ್ಜಿದ್ದು ಎಡಗೈಯಿಂದ. ಆದರೆ ಎಲ್ಲರ ಕಣ್ಣೂ ಆ ಹಲ್ಲುಗಳ ಮೇಲಿತ್ತು. ಅವು ಹೊಳೆಯತೊಡಗಿದವು. ಪಟ್ಟಿಯನ್ನು ಅದರ ಜಾಗದಲ್ಲಿಟ್ಟು ಒತ್ತಿದಳು. ‘ಟಕ್’ ಎಂದು ಕೂತಿತು. ಮುಚ್ಚಳ ಹಾಕಿ, ತಿರುಪು ಬಿಗಿದು, ಯಂತ್ರವನ್ನು ನೆಟ್ಟಗಿಟ್ಟು, ಹಿಂದೆ ಸರಿದು ನಿಂತಳು.

ದೌಲತರಾಯರು ಎದ್ದು ನಿಂತರು. ಒಂದು ತೋಳು ದೂರದಿಂದ, ಎಡಗೈಯನ್ನು ಮೊಳಕೈಗೆ ಮುಟ್ಟಿಸಿ, “ಬಸವಾ” ಎಂದು ಬಲಗೈ ತೋರುಬೆರಳಿನಿಂದ ಒತ್ತಿದರು.

‘ಟಿಣ್.’

ಪರದೆ ಬೆಳಗಿತು. ಅವರು ಆರಿಸಿ ಮತ್ತೆ ಒತ್ತಿದರು. ಮತ್ತೆ ಎದ್ದಿತು. ಹಣಮಂತರಾಯ ತಾನೂ ಒಂದು ಕೈ ನೋಡೋಣವೆಂದು ಮುಂದೆ ಬಂದ.

“ನೀ ಮುಟ್ಟಬ್ಯಾಡಲೇ! ನಿನ್ನ ಕೈಯಾಗ ಏಳಂಗಿಲ್ಲ ಇದು.” ಅವರು ನನ್ನತ್ತ ತಿರುಗಿದರು. ಮುಖ ಅರಳಿತ್ತು. “ನೋಡಿದ್ರೇನ್ರಿ ಬಾಯಾರ? ನಿಮ್ಮ ಶಾಸ್ತ್ರ ಏನಂತದ ಇದಕ್ಕ?”

“ಧೂಳ ಹೋದ್ರ ನಡೀತದ ಅಂತದ್ರಿ.”

“ಅನ್ಲಿ, ಅನ್ಲಿ.”

ಶಮ್ಸುನ್ನಿಸಾ ಅವರು ಕೂರುವ ಮೊದಲೇ ಕೇಳಿದಳು. “ಬ್ಯಾರೆ ಕೈಯಾಗ ಎದ್ದದ್ರಿ, ಸಾಹುಕಾರ್ರ.”

ಅವರ ಕೈ ಕೊರಳಿನ ಕೀಲಿಗೆ ಹೋಯಿತು, ಅಲ್ಲಿಯೇ ನಿಂತಿತು. ಬಿಡುವ ಮನಸ್ಸು ಇರಲಿಲ್ಲ, ಸ್ಪಷ್ಟವಾಗಿ ಕಾಣುತ್ತಿತ್ತು. “ಇನ್ನೊಂದು ವರ್ಷ ಇರು. ಹುಡುಗ್ಯಾರಿಗೆ ಕಲಿಸು. ಸಂಬಳದ್ದು ನೋಡೂನು.”

ಆಕೆ ಬಲಗೈ ಚಾಚಿ ನಿಂತಳು. ಆಗ ಹಣಮಂತರಾಯ ಬಾಯಿ ತೆರೆದ.

“ನಿಮ್ಮ ಕೈಯಾಗ ಏಳೂವಾಗ ಈಕಿ ಯಾಕ್ರಿ ಧಣೇರ?”

ಆತ ಅದನ್ನು ಆಕೆಯ ಮೇಲಿನ ಕನಿಕರದಿಂದ ಹೇಳಿದನೋ, ಧಣಿಗಳಿಗೆ ಬೆಣ್ಣೆ ಹಚ್ಚಲು ಹೇಳಿದನೋ ನನಗೆ ಇಂದಿಗೂ ಗೊತ್ತಿಲ್ಲ. ಆತನಿಗೂ ಗೊತ್ತಿರಲಿಕ್ಕಿಲ್ಲ. ಆದರೆ ಅದಕ್ಕೆ ಇಲ್ಲ ಎನ್ನಬೇಕಾದರೆ ದೌಲತರಾಯರು ತಮ್ಮ ಕೈಗುಣವನ್ನೇ ಇಲ್ಲ ಎನ್ನಬೇಕಿತ್ತು. ಅವರು ಅಲಮಾರಿ ತೆರೆದರು. ಶಮ್ಸುನ್ನಿಸಾ ಕಾಗದಗಳನ್ನು ಒಂದೊಂದಾಗಿ ನೋಡಿ, ಎಲ್ಲವೂ ಇವೆಯೆಂದು ಖಚಿತಪಡಿಸಿಕೊಂಡು, ದುಪಟ್ಟಾದ ಒಳಗೆ ಎಡಗೈಯಲ್ಲಿ ಹಿಡಿದು ಹೊರಗೆ ನಡೆದಳು. ನನಗೆ ಹೋಗಿ ಬರುತ್ತೇನೆ ಎಂದೂ ಹೇಳಲಿಲ್ಲ. ಅಂಥ ಹೊತ್ತಿನಲ್ಲಿ ನಿಂತು ಮಾತಾಡುವವಳು ಹೊರಗೆ ಹೋಗಲಾರಳು.

ಜೂನ್ ಮುಗಿಯುವ ಮೊದಲೇ ಆಕೆ ಕಲಬುರ್ಗಿಯಲ್ಲಿ ಹಾಜರಾದಳು. ದೀಪಾವಳಿಯ ಹೊತ್ತಿಗೆ ತಾಯಿಯನ್ನೂ, ಹೊಲಿಗೆ ಯಂತ್ರವನ್ನೂ ಕರೆಸಿಕೊಂಡಳು.

ಇತ್ತ ದೌಲತರಾಯರು ಮರುದಿನವೇ ಮುಚ್ಚಳದ ಮೇಲೆ ಹೊಸ ಅರಗು ಕರಗಿಸಿ ಮುದ್ರೆ ಹಾಕಿಸಿದರು. ಪ್ರತಿ ಮುಂಜಾನೆ ತಾವೇ ಬಂದು ಯಂತ್ರ ಎಬ್ಬಿಸತೊಡಗಿದರು. ಬೇರೆ ಯಾರೂ ಗುಂಡಿ ಮುಟ್ಟುವಂತಿರಲಿಲ್ಲ. ಅತನೂರಿನಲ್ಲಿ ಬಿತ್ತನೆಯಿದ್ದರೂ ಬರಬೇಕು, ಬೀಗರ ಮನೆಯಲ್ಲಿ ಮದುವೆಯಿದ್ದರೂ ಬರಬೇಕು. ಅವರು ಬಾರದ ದಿನ ಕಚೇರಿ ಸುಮ್ಮನೆ ಕೂತಿರುತ್ತಿತ್ತು. ಒಮ್ಮೆ ಜ್ವರದಲ್ಲಿ ಶಾಲು ಹೊದ್ದು ಬಂದು ಗುಂಡಿ ಒತ್ತಿ ಹೋದದ್ದನ್ನು ನಾನು ಕಂಡೆ.

ಮುಂದಿನ ಬೇಸಿಗೆಯಲ್ಲಿ, ನಾನು ನಿವೃತ್ತಿಯಾಗುವ ವಾರ, ಯಂತ್ರ ಮತ್ತೆ ಏಳದಾಯಿತು. ದೌಲತರಾಯರು ಜವಾನ ಮಲ್ಲಣ್ಣನನ್ನು ಕಲಬುರ್ಗಿಗೆ ಕಳಿಸಿದರು. ಒಂದು ಸಲ ಬಂದು ಕೈ ಹಚ್ಚಿ ಹೋಗಲಿ, ಯಾವ ಕೈಯಾದರೂ ಆಗಲಿ ಎಂದು. ಮಲ್ಲಣ್ಣ ಸಂಜೆಯ ಬಸ್ಸಿಗೆ ಒಬ್ಬನೇ ಮರಳಿದ. ಅಂಗಿಯ ಜೇಬಿನಿಂದ ಒಂದು ಕಾಗದದ ಪೊಟ್ಟಣ ತೆಗೆದು ಮೇಜಿನ ಮೇಲೆ ಬಿಚ್ಚಿದ. ಒಳಗೆ ಒಂದು ರಬ್ಬರು.

“ಬರಂಗಿಲ್ಲಂತ್ರಿ. ಮುದ್ರಿ ತೆಗದು, ಇದರ್ಲೆ ತಿಕ್ಕಿ ಕೂಡಸ್ರಿ ಅಂದಾಳ್ರಿ. ಯಾರ ತಿಕ್ಕಿದ್ರೂ ನಡೀತದಂತ್ರಿ.”

ದೌಲತರಾಯರು ರಬ್ಬರನ್ನು ಬಲಗೈಯಲ್ಲಿ ಎತ್ತಿಕೊಂಡರು, ತಿರುಗಿಸಿ ನೋಡಿದರು. ಆಮೇಲೆ ಕೊರಳಿನ ಕೀಲಿ ತೆಗೆದು ಕಬ್ಬಿಣದ ಅಲಮಾರಿ ತೆರೆದು, ಶಮ್ಸುನ್ನಿಸಾಳ ಕಾಗದಗಳಿದ್ದ ಜಾಗದಲ್ಲಿ ಅದನ್ನು ಇಟ್ಟು, ಬೀಗ ಹಾಕಿದರು.